ಮ್ಯೂಸಿನಸ್ ಸ್ತನ ಕ್ಯಾನ್ಸರ್: ರೋಗದ ಮುನ್ನೋಟ ಹಾಗೂ ಕೀಮೋಥೆರಪಿಯ ಅವಶ್ಯಕತೆ

(ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

ಸ್ತನ ಕ್ಯಾನ್ಸರ್ ಎಂಬುದು ಒಂದೇ ಬಗೆಯ ರೋಗವಲ್ಲ. ಹಾಲಿನ ನಾಳಗಳಲ್ಲಿ ಹುಟ್ಟಿ ಸುತ್ತಲೂ ಹರಡುವ ವಿಧವು ಹೆಚ್ಚಿನ ರೋಗಿಗಳಲ್ಲಿ ಕಂಡುಬರುತ್ತದೆ. ನೂರರಲ್ಲಿ ಸುಮಾರು 2 ಮಂದಿಗೆ ಮಾತ್ರ ಬರುವ ಅಪರೂಪದ ವಿಧವೇ ಮ್ಯೂಸಿನಸ್ ಕಾರ್ಸಿನೋಮ. ಕೆಲವು ವರದಿಗಳಲ್ಲಿ ಇದನ್ನು ಕೊಲಾಯ್ಡ್ ಕಾರ್ಸಿನೋಮ ಎಂದೂ ನಮೂದಿಸಲಾಗಿರುತ್ತದೆ. ಇದರಲ್ಲಿ ಕ್ಯಾನ್ಸರ್ ಕೋಶಗಳು ಲೋಳೆಯಂತಹ ದ್ರವದಲ್ಲಿ ತೇಲುತ್ತಿರುತ್ತವೆ. ಮುಟ್ಟು ನಿಂತ ನಂತರದ ವಯಸ್ಸಿನ ಮಹಿಳೆಯರಲ್ಲಿ ಇದು ಹೆಚ್ಚು.

ಈ ಗಂಟು ನಿಧಾನವಾಗಿ ಬೆಳೆಯುತ್ತದೆ, ಹೆಚ್ಚಾಗಿ ನೋವಿರುವುದಿಲ್ಲ, ಮುಟ್ಟಿದಾಗ ಮೆತ್ತಗೂ ಇರಬಹುದು. ಮ್ಯಾಮೊಗ್ರಾಮ್‌ನಲ್ಲಿಯೂ ಇದರ ಅಂಚು ನಯವಾಗಿ ಕಾಣುವುದರಿಂದ ಸಾಧಾರಣ ಗಂಟೆಂದು ಭಾವಿಸುವ ಸಂಭವವುಂಟು. ನೋವಿಲ್ಲವೆಂಬ ಕಾರಣಕ್ಕೆ ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲ. 30 ವರ್ಷ ಮೀರಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆಯನ್ನು ಉಚಿತವಾಗಿ ಮಾಡಲಾಗುತ್ತದೆ.

ಗಂಟಿನ ಶೇ. 90ಕ್ಕಿಂತ ಹೆಚ್ಚು ಭಾಗ ಮ್ಯೂಸಿನಸ್ ಸ್ವರೂಪದ್ದಾಗಿದ್ದರೆ ಅದನ್ನು 'ಶುದ್ಧ' ವಿಧವೆಂದೂ, ಅದಕ್ಕಿಂತ ಕಡಿಮೆಯಿದ್ದು ಸಾಮಾನ್ಯ ಕ್ಯಾನ್ಸರ್ ಬೆರೆತಿದ್ದರೆ 'ಮಿಶ್ರ' ವಿಧವೆಂದೂ ಕರೆಯಲಾಗುತ್ತದೆ. ಶುದ್ಧ ವಿಧವು ಕಂಕುಳಿನ ಗ್ರಂಥಿಗಳಿಗೆ ಹರಡುವುದು ವಿರಳ. ಚಿಕಿತ್ಸೆ ಪಡೆದವರಲ್ಲಿ ಹತ್ತು ವರ್ಷಗಳ ನಂತರವೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಈ ರೋಗದಿಂದ ಸಾವಿಗೀಡಾಗದೆ ಉಳಿದಿರುತ್ತಾರೆ. ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ಧೈರ್ಯಗೆಡುವ ಕುಟುಂಬಗಳು ಈ ಅಂಶವನ್ನು ಮೊದಲು ತಿಳಿಯಬೇಕು.

ಕೀಮೋಥೆರಪಿ ಎಲ್ಲರಿಗೂ ಬೇಕೆ?

ಬೇಕಿಲ್ಲ. ಶುದ್ಧ ಮ್ಯೂಸಿನಸ್ ಕ್ಯಾನ್ಸರ್‌ನಲ್ಲಿ ಈಸ್ಟ್ರೊಜೆನ್ ಗ್ರಾಹಕಗಳು (ಇ.ಆರ್.) ಬಹುತೇಕ ಇದ್ದೇ ಇರುತ್ತವೆ. ಆದುದರಿಂದ ಶಸ್ತ್ರಚಿಕಿತ್ಸೆಯ ನಂತರ ಹಾರ್ಮೋನ್ ಮಾತ್ರೆಗಳೇ ಮುಖ್ಯ ಔಷಧಿ. ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್‌ನಂತಹ ಮಾತ್ರೆಯನ್ನು ಸಾಮಾನ್ಯವಾಗಿ ಐದು ವರ್ಷ ಸೇವಿಸಬೇಕಾಗುತ್ತದೆ. ಗ್ರಂಥಿಗಳಿಗೆ ಹರಡದಿದ್ದಲ್ಲಿ ಕೀಮೋಥೆರಪಿಯಿಂದ ದೊರೆಯುವ ಹೆಚ್ಚುವರಿ ಲಾಭ ಅತ್ಯಲ್ಪ. ಕೂದಲು ಉದುರುವುದು, ವಾಂತಿ, ರಕ್ತಕಣಗಳ ಇಳಿಕೆ, ಸೋಂಕು ಮುಂತಾದ ತೊಂದರೆಗಳನ್ನು ಮಾತ್ರ ವಯಸ್ಸಾದ ರೋಗಿ ಅನುಭವಿಸಬೇಕಾಗುತ್ತದೆ. 'ಕೀಮೋ ಬೇಡ' ಎಂದು ವೈದ್ಯರು ತಿಳಿಸಿದಲ್ಲಿ ಕೈಬಿಟ್ಟರೆಂದಾಗಲಿ, ಬಡವರೆಂದು ಕಡೆಗಣಿಸಿದರೆಂದಾಗಲಿ ಭಾವಿಸತಕ್ಕದ್ದಲ್ಲ.

ಆದರೆ ಇದೇ ಮಾತನ್ನು ಹಿಡಿದು ಚಿಕಿತ್ಸೆ ನಿರಾಕರಿಸುವುದೂ ಅಪಾಯಕರ. ಗ್ರಂಥಿಗಳಿಗೆ ಹರಡಿದ್ದಲ್ಲಿ ಕೀಮೋಥೆರಪಿಯನ್ನು ಪರಿಗಣಿಸಲಾಗುತ್ತದೆ. ಮಿಶ್ರ ವಿಧಕ್ಕೆ ಸಾಮಾನ್ಯ ಸ್ತನ ಕ್ಯಾನ್ಸರ್‌ನ ಕ್ರಮವೇ ಅನ್ವಯಿಸುತ್ತದೆ. ಹರ್-2 ಧನಾತ್ಮಕವಿದ್ದಲ್ಲಿ ಬೇರೆ ಔಷಧಿಗಳು ಬೇಕಾಗಬಹುದು. ಶುದ್ಧ ವಿಧವೆಂದು ಬರೆದು ಇ.ಆರ್. ಋಣಾತ್ಮಕವೆಂದು ವರದಿ ಬಂದಿದ್ದರೆ, ಅದು ತೀರ ಅಪರೂಪವಾದುದರಿಂದ, ಮರುಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಬೇಕು.

ಸೌಲಭ್ಯ ಪಡೆಯುವ ಬಗೆ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ ರೂ. 1.5 ಲಕ್ಷದ ಮಿತಿಯಲ್ಲಿ ದೊರೆಯುತ್ತದೆ. ಪಡಿತರ ಚೀಟಿ, ಆಧಾರ್ ಹಾಗೂ ಬಯಾಪ್ಸಿ ವರದಿಯೊಂದಿಗೆ ತಾಲ್ಲೂಕು ಆಸ್ಪತ್ರೆ ಅಥವಾ ವಿಜಯಪುರ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಿ ಶಿಫಾರಸು ಪತ್ರ ಪಡೆಯಬೇಕು. ನೋಂದಾಯಿತ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರು ಮುಂದಿನ ಅನುಮೋದನೆಗೆ ನೆರವಾಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿಯೂ ಚಿಕಿತ್ಸೆ ಪಡೆಯಬಹುದು.

ಇಂಡಿ ಭಾಗದ ಅನೇಕರು ಸೊಲ್ಲಾಪುರದ ಕಡೆ ಪರೀಕ್ಷೆ ಮಾಡಿಸುವುದುಂಟು. ಎಲ್ಲಿಯೇ ಮಾಡಿಸಿದರೂ ವರದಿಯಲ್ಲಿ ಶುದ್ಧ ಅಥವಾ ಮಿಶ್ರ, ಗಂಟಿನ ಅಳತೆ, ಗ್ರಂಥಿಗಳ ಸ್ಥಿತಿ, ಇ.ಆರ್., ಪಿ.ಆರ್. ಹಾಗೂ ಹರ್-2 ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ವರದಿಯೊಂದಿಗೆ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆದು ತಂದಲ್ಲಿ, ಮರುಪರಿಶೀಲನೆ ಬೇಕಾದಾಗ ಎರಡನೆಯ ಬಾರಿ ಬಯಾಪ್ಸಿ ಮಾಡಿಸುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ.