ದೋರಸಮುದ್ರದಿಂದ ಹೊರಟ ದೂತರು

ಹೊಯ್ಸಳರ ಆಸ್ಥಾನದಲ್ಲಿ ಪರರಾಜ್ಯಗಳ ವ್ಯವಹಾರ ನೋಡಿಕೊಳ್ಳುತ್ತಿದ್ದವನನ್ನು ಸಂಧಿವಿಗ್ರಹಿ ಎಂದು ಕರೆಯುತ್ತಿದ್ದರು. ಇಲ್ಲಿ ವಿಗ್ರಹ ಎಂದರೆ ಬೇಲೂರಿನ ಗುಡಿಯೊಳಗಿರುವ ಮೂರ್ತಿಯಲ್ಲ, ಕಾಳಗ. ಸಂಧಿ ಎಂದರೆ ಒಪ್ಪಂದ. ರಾಜಿ ಮಾಡಿಸುವವನೂ ಯುದ್ಧಕ್ಕೆ ಸನ್ನದ್ಧನಾಗುವವನೂ ಒಬ್ಬನೇ ಎಂಬುದನ್ನು ಈ ಪದವಿಯ ಹೆಸರೇ ಬಿಚ್ಚಿ ಹೇಳುತ್ತದೆ.

ಹೊಯ್ಸಳರಿಗೆ ಈ ಪದವಿ ಅವರ ಒಡೆಯರಾಗಿದ್ದ ಕಲ್ಯಾಣದ ಚಾಲುಕ್ಯರಿಂದ ಬಂದ ಬಳುವಳಿ. ಕನ್ನಡದಲ್ಲಿ ಪಂಚತಂತ್ರವನ್ನು ಬರೆದ ದುರ್ಗಸಿಂಹ, ಚಾಲುಕ್ಯ ಎರಡನೆಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ. ನರಿ, ಸಿಂಹ, ಎತ್ತುಗಳ ಕತೆಯಲ್ಲಿ ಸ್ನೇಹ ಒಡೆಯುವ ಬಗೆಯನ್ನು ಅಷ್ಟು ಚೆನ್ನಾಗಿ ಹೇಳಿದವನ ದಿನದ ಕಸುಬು ಏನಾಗಿತ್ತು ಎಂಬುದು ನೆನಪಿಡತಕ್ಕ ಸಂಗತಿ. ಚಾಲುಕ್ಯ ಶಾಸನಗಳಲ್ಲಿ 'ಕನ್ನಡ ಸಂಧಿವಿಗ್ರಹಿ', 'ಲಾಳ ಸಂಧಿವಿಗ್ರಹಿ' ಎಂಬ ಬೇರೆ ಬೇರೆ ಪದವಿಗಳೂ ಕಾಣುತ್ತವೆ. ಲಾಳವೆಂದರೆ ಇಂದಿನ ದಕ್ಷಿಣ ಗುಜರಾತಿನ ಕಡೆಯ ಲಾಟ ದೇಶ. ಒಂದೊಂದು ಸೀಮೆಯ ವ್ಯವಹಾರಕ್ಕೆ ಒಬ್ಬೊಬ್ಬನನ್ನು ಇಡುವ ಕ್ರಮ ಆಗಲೇ ಇತ್ತು. ಇಂದಿನ ವಿದೇಶಾಂಗ ಕಚೇರಿಗಳೂ ನಡೆಯುವುದು ಹೀಗೆಯೇ.

ಸಂಧಿವಿಗ್ರಹಿಗೆ ಬೇಕಾದ ಅರ್ಹತೆಗಳಲ್ಲಿ ಮುಖ್ಯವಾದವು ಭಾಷೆ ಮತ್ತು ಲಿಪಿಗಳ ತಿಳಿವಳಿಕೆ ಎಂದು ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಹೇಳುತ್ತಾನೆ. ಕಲ್ಯಾಣದಲ್ಲೇ ಕುಳಿತು ಮಿತಾಕ್ಷರಾ ಬರೆದ ವಿಜ್ಞಾನೇಶ್ವರನ ಪ್ರಕಾರ ರಾಜನ ದಾನಶಾಸನದ ಒಕ್ಕಣೆಯೂ ಇವನದೇ ಕೆಲಸ. ಅದಕ್ಕೆ ಕಾರಣವೂ ಇದೆ. ಶಾಸನವೆಂದರೆ ಬರಿಯ ಭೂಮಿಯ ಪತ್ರವಲ್ಲ. ರಾಜನ ವಂಶ ಯಾವುದು, ಗೆದ್ದ ನಾಡು ಯಾವುದು, ಯಾರಿಗೆ ತಲೆಬಾಗುತ್ತಾನೆ, ಯಾರಿಗೆ ಬಾಗುವುದಿಲ್ಲ ಎಂಬುದನ್ನೆಲ್ಲ ಅದು ಅಳೆದು ತೂಗಿದ ಮಾತಿನಲ್ಲಿ ಸಾರುತ್ತದೆ. ಒಂದು ಬಿರುದು ಹೆಚ್ಚಾದರೆ ನೆರೆಯವನು ಕತ್ತಿ ಹಿರಿಯಬಹುದು. ಹೊಯ್ಸಳ ದೊರೆ ವಿಷ್ಣುವರ್ಧನ ಎಷ್ಟು ನಾಡು ಗೆದ್ದರೂ ಅವನ ಶಾಸನಗಳು ಅವನನ್ನು 'ಮಹಾಮಂಡಳೇಶ್ವರ' ಎಂದೇ ಕರೆದು, ಚಾಲುಕ್ಯ ಚಕ್ರವರ್ತಿಯ ಹೆಸರನ್ನು ಮೇಲೆ ಇಟ್ಟದ್ದು ಇಂಥ ಎಚ್ಚರದಿಂದಲೇ.

ವಿಷ್ಣುವರ್ಧನನ ಸಂಧಿವಿಗ್ರಹಿ ಪುಣಿಸ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದ 1117ರಲ್ಲೇ ಬರೆಸಿದ ಚಾಮರಾಜನಗರದ ಬಸದಿಯ ಶಾಸನದಲ್ಲಿ ಅವನ ಚಿತ್ರ ಸಿಗುತ್ತದೆ. ನೀಲಗಿರಿಯ ಕಡೆ ದಂಡು ನಡೆಸಿದವನು ಅವನೇ. ಆದರೆ ಶಾಸನ ಅವನನ್ನು ಹೊಗಳುವಾಗ ಇನ್ನೊಂದು ಗುಣವನ್ನೂ ಎತ್ತಿ ಹೇಳುತ್ತದೆ. ಕೆಟ್ಟು ಕೂತ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಕಳೆದುಕೊಂಡ ಪಾಳೆಯದವನು, ಇವರಿಗೆ ಹೋದದ್ದನ್ನು ಕೊಟ್ಟು ನಿಲ್ಲಿಸಿದನಂತೆ. ಹೊಗಳಿಕೆಯಲ್ಲಿ ಒಂದಿಷ್ಟು ಉಪ್ಪು ಖಾರ ಇದ್ದದ್ದೇ. ಆದರೂ ಗೆದ್ದ ನಾಡು ಕೈಯಲ್ಲಿ ಉಳಿಯಬೇಕಾದರೆ ಬೀಜದ ಬತ್ತ ಹಂಚಬೇಕು ಎಂಬುದು ಆ ಪದವಿಯಲ್ಲಿದ್ದವನಿಗೆ ಗೊತ್ತಿತ್ತು.

ಇಷ್ಟಾಗಿಯೂ ಪರರಾಜ್ಯದ ರಾಜಧಾನಿಯಲ್ಲಿ ಕಾಯಂ ಮನೆ ಮಾಡಿಕೊಂಡಿರುವ ರಾಯಭಾರಿ ಹೊಯ್ಸಳರಿಗಿರಲಿಲ್ಲ. ಆ ಪದ್ಧತಿ ಬೇರೂರಿದ್ದು 15ನೇ ಶತಮಾನದ ಇಟಲಿಯ ನಗರರಾಜ್ಯಗಳಲ್ಲಿ. ಅದಕ್ಕೆ ಮೊದಲು ಸಾಮಾನ್ಯವಾಗಿ ದೂತ ಒಂದು ಕೆಲಸಕ್ಕೆಂದು ಹೊರಟು, ಮುಗಿಸಿ, ಮರಳುವವನು. ಕೌಟಿಲ್ಯ ಅಂಥವರಲ್ಲಿ ಮೂರು ಬಗೆ ಹೇಳಿದ್ದ: ಪೂರ್ತಿ ಅಧಿಕಾರ ಹೊತ್ತು ಹೋಗುವ ನಿಸೃಷ್ಟಾರ್ಥ, ಇಷ್ಟೇ ವಿಷಯಕ್ಕೆ ಎಂದು ಮಿತಿ ಹಾಕಿಸಿಕೊಂಡ ಪರಿಮಿತಾರ್ಥ, ಓಲೆ ಮುಟ್ಟಿಸಿ ಬರುವ ಶಾಸನಹರ.

ಕಾಯಂ ಪ್ರತಿನಿಧಿಯ ಜಾಗವನ್ನು ಒಂದಷ್ಟು ಮಟ್ಟಿಗೆ ತುಂಬಿದವರು ವರ್ತಕರು. ಅವರ ಠಾವುಗಳಲ್ಲಿ ದೊಡ್ಡದು ಅರಸೀಕೆರೆ. ಇಂದು ಅದು ರೈಲು ಕೂಡುವ ಊರು, ತೆಂಗಿನಕಾಯಿ ಕೊಬ್ಬರಿಯ ಸಂತೆ. ಆಗ ಅದು 'ದಕ್ಷಿಣದ ಅಯ್ಯಾವೊಳೆ'. ಐಹೊಳೆಯ ಐನೂರ್ವರು ಎಂಬ ವರ್ತಕಸಂಘದ ಹೆಸರನ್ನೇ ಈ ಊರಿಗೆ ಇಟ್ಟಿದ್ದರು. ಕಡಲ ಮೇಲೆ ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತಂದು ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳನ್ನು ಈ ಸೀಮೆಯ ಶಾಸನಗಳು ಕೊಂಡಾಡುತ್ತವೆ. ಮಲೆಯಾಳ ಮೂಲದ ಕುಂಜನಂಬಿ ಸೆಟ್ಟಿಯ ವಿಷಯದಲ್ಲಂತೂ, ತೆಂಕಲ ಹೊಯ್ಸಳನಿಗೂ ಬಡಗಲ ಬಲ್ಲಹನಿಗೂ, ಎಂದರೆ ದೇವಗಿರಿಯ ಸೇವುಣನಿಗೂ, ಹೊಂದಿಕೆ ಮಾಡಿಸಿದವನು ಎಂಬ ಹೊಗಳಿಕೆಯೇ ಇದೆ. ಸೇವುಣರೂ ಹೊಯ್ಸಳರೂ ಹಾವು ಮುಂಗುಸಿಯಂತೆ ಇದ್ದವರು. ಅವರಿಬ್ಬರ ಅಂಗಳಕ್ಕೂ ಕುದುರೆ ಮಾರಲು ಹೋಗುವವನ ಮಾತಿಗೆ ಎರಡೂ ಕಡೆ ಬೆಲೆ ಇದ್ದದ್ದು ಸಹಜ.

ಒಂದು ಆಸ್ಥಾನದಿಂದ ಇನ್ನೊಂದಕ್ಕೆ ಹಾಯ್ದ ಮಂತ್ರಿಯೊಬ್ಬನ ಗುರುತೂ ಅರಸೀಕೆರೆಯಲ್ಲೇ ಇದೆ. ಕಳಚುರಿಗಳ ಬಳಿ ದೊಡ್ಡ ಹುದ್ದೆಯಲ್ಲಿದ್ದ ರೇಚರಸ, ಆ ರಾಜ್ಯ ಮುಳುಗಿದ ಮೇಲೆ ಹೊಯ್ಸಳ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದ. 1220ರಲ್ಲಿ ಊರಿನ ಸಹಸ್ರಕೂಟ ಜಿನಾಲಯ ಕಟ್ಟಿಸಿದವನು ಅವನು. ಸೋತ ರಾಜ್ಯದ ಗುಟ್ಟುಗಳನ್ನೂ ಗೆಳೆತನಗಳನ್ನೂ ಬಲ್ಲ ಇಂಥವರನ್ನು ಗೆದ್ದವರು ಕೈಬಿಡುತ್ತಿರಲಿಲ್ಲ.

ದಕ್ಷಿಣದ ಕಡೆಗೆ ಹೊಯ್ಸಳರ ಮಾತು ಎಷ್ಟು ದೂರ ನಡೆಯುತ್ತಿತ್ತು ಎಂಬುದಕ್ಕೆ ಕಡಲೂರಿನ ಹತ್ತಿರದ ತಿರುವೇಂದಿಪುರದ ತಮಿಳು ಶಾಸನ ಸಾಕ್ಷಿ. 1231ರ ಸುಮಾರಿನಲ್ಲಿ ಚೋಳ ದೊರೆ ಮೂರನೆಯ ರಾಜರಾಜನನ್ನು ಕಾಡವರ ಕೋಪ್ಪೆರುಂಜಿಂಗ ಹಿಡಿದು ಸೇಂದಮಂಗಲದಲ್ಲಿ ಸೆರೆಯಿಟ್ಟ. ಸುದ್ದಿ ಮುಟ್ಟಿದ ಕೂಡಲೇ ಹೊಯ್ಸಳ ದೊರೆ ಇಮ್ಮಡಿ ನರಸಿಂಹ ರಾಜಧಾನಿ ದೋರಸಮುದ್ರದಿಂದ ಹೊರಟ. ಚೋಳನನ್ನು ಮತ್ತೆ ನೆಲೆಗೊಳಿಸುವ ತನಕ ಕಹಳೆ ಊದಿಸುವುದಿಲ್ಲ ಎಂದು ಪಣ ತೊಟ್ಟನಂತೆ. ಅವನು ಪಾಚ್ಚೂರಿನಲ್ಲಿ ಬೀಡು ಬಿಟ್ಟು, ದಂಡನಾಯಕರಾದ ಅಪ್ಪಣ್ಣ ಮತ್ತು ಸಮುದ್ರ ಗೋಪಯ್ಯರನ್ನು ಮುಂದೆ ಕಳಿಸಿದ. ದಾರಿಯ ಊರುಗಳು ಉರಿದವು. ಎದುರಾಳಿ ಪಕ್ಷದ ಅಧಿಕಾರಿಗಳೂ ಆ ಕಾಳಗದಲ್ಲಿ ಸತ್ತರು.

ಸೇಂದಮಂಗಲಕ್ಕೆ ಮುತ್ತಿಗೆ ಹಾಕಬೇಕೆನ್ನುವಷ್ಟರಲ್ಲಿ ಕೋಪ್ಪೆರುಂಜಿಂಗ ಚೋಳನನ್ನು ಬಿಟ್ಟುಬಿಡುತ್ತೇನೆಂದು ಹೇಳಿಕಳಿಸಿದ. ಆದರೆ ಕೋಟೆಯ ಮುಂದೆ ನಿಂತಿದ್ದ ದಂಡನಾಯಕರಿಗಲ್ಲ, ಹಿಂದೆ ಬೀಡಿನಲ್ಲಿದ್ದ ನರಸಿಂಹನಿಗೆ. ನರಸಿಂಹ ಒಪ್ಪಿ ತನ್ನವರಿಗೆ ಆಳು ಕಳಿಸಿದ ಮೇಲೆಯೇ ಅಪ್ಪಣ್ಣ, ಗೋಪಯ್ಯರು ಚೋಳನನ್ನು ಬರಮಾಡಿಕೊಂಡು ಅವನ ನಾಡಿಗೆ ಕರೆದೊಯ್ದು ಬಿಟ್ಟರು. ಕೌಟಿಲ್ಯನ ಮಾತಿನಲ್ಲಿ ಹೇಳುವುದಾದರೆ ಅವರ ಅಧಿಕಾರ ಪರಿಮಿತವಾಗಿತ್ತು. ಕಾದುವುದು ಅವರ ಕೈಯಲ್ಲಿತ್ತು, ಒಪ್ಪುವುದು ದೊರೆಯ ಕೈಯಲ್ಲಿತ್ತು. ಮುಂದೆ ನರಸಿಂಹನ ಮಗ ಸೋಮೇಶ್ವರ ಶ್ರೀರಂಗದ ಹತ್ತಿರ ಕಣ್ಣನೂರಿನಲ್ಲೇ ನೆಲೆಸಿದ. ಚೋಳ, ಪಾಂಡ್ಯ ಎರಡೂ ಮನೆತನಗಳ ಜಗಳಕ್ಕೆ ಅವನೇ ಪಂಚ. ದೂತನನ್ನು ಕಳಿಸುವ ಬದಲು ದೊರೆಯೇ ಹೋಗಿ ಕೂತ ಹಾಗಾಯಿತು.

ಇವೆಲ್ಲ ದಂಡು ನಡೆದು ಮುಟ್ಟಬಹುದಾದ ದೂರದ ಮಾತು. ದಂಡು ಮುಟ್ಟಲಾಗದ ದೂರದಲ್ಲಿ ಹೊಯ್ಸಳರು ಮಾಡಿದ ಒಂದು ಏರ್ಪಾಟು ಇವೆಲ್ಲಕ್ಕಿಂತ ವಿಶೇಷವಾದದ್ದು. ಕಾಶಿ ಆಗ ದೆಹಲಿ ಸುಲ್ತಾನರ ಆಳ್ವಿಕೆಯಲ್ಲಿತ್ತು. ಅಲ್ಲಿ ನೆಲೆಸಿ ವಿಶ್ವೇಶ್ವರನ ಸೇವೆ ಮಾಡಬೇಕೆನ್ನುವವರು ಸುಂಕ ತೆರಬೇಕಾಗಿತ್ತು. 1279ರಲ್ಲಿ ಮೂರನೆಯ ನರಸಿಂಹ ಹೆಬ್ಬಾಲೆ ಎಂಬ ಊರಿನ ವರ್ಷದ ಹುಟ್ಟುವಳಿ 645 ನಿಷ್ಕಗಳನ್ನು ಈ 'ತುರುಷ್ಕ' ತೆರಿಗೆಗೆಂದೇ ಬಿಟ್ಟುಕೊಟ್ಟ. ದೆಹಲಿಯಲ್ಲಿ ಆಗ ಬಲ್ಬನ್ ಸುಲ್ತಾನ. ದೋರಸಮುದ್ರದಿಂದ ಕಾಶಿ 1500 ಕಿಲೋಮೀಟರಿಗೂ ಆಚೆ. ನಡುವೆ ಎಷ್ಟೋ ರಾಜ್ಯಗಳು, ಅವುಗಳಲ್ಲಿ ಹಗೆಯ ಸೇವುಣರದೂ ಒಂದು.

ಈ ದಾನದ ಫಲ ಕನ್ನಡಿಗರಿಗಷ್ಟೇ ಮೀಸಲಾಗಿರಲಿಲ್ಲ. ತುಳುವರು, ತೆಲುಗರು, ಮಲೆಯಾಳದವರು, ಅಷ್ಟೇ ಏಕೆ, ತಿರಹುತ ಮತ್ತು ಗೌಡ ದೇಶದವರೂ ಪಟ್ಟಿಯಲ್ಲಿದ್ದಾರೆ. ಹೊಯ್ಸಳನಿಗೆ ಯಾವ ಸಂಬಂಧವೂ ಇಲ್ಲದ ಬಿಹಾರ, ಬಂಗಾಳದ ಯಾತ್ರಿಕನ ತೆರಿಗೆಯನ್ನು ಹೆಬ್ಬಾಲೆಯ ಗದ್ದೆ ಹೊಲಗಳು ತೆತ್ತವು. ಇಂದು ದೂರದೇಶದಲ್ಲಿ ಸಿಕ್ಕಿಬಿದ್ದವನು ಮೊದಲು ಹುಡುಕುವುದು ತನ್ನ ದೇಶದ ದೂತಾವಾಸವನ್ನು. ಹೊರನಾಡಿನಲ್ಲಿರುವ ತನ್ನ ಜನರ ಹಿತ ಕಾಯುವುದು ರಾಯಭಾರದ ಕರ್ತವ್ಯಗಳಲ್ಲೊಂದು ಎಂದು 1961ರ ವಿಯೆನ್ನಾ ಒಡಂಬಡಿಕೆ ಬರೆದಿಟ್ಟಿದೆ. ಕಟ್ಟಡವಿಲ್ಲದೆ, ಬಾವುಟವಿಲ್ಲದೆ, ಆ ಕೆಲಸದ ಒಂದು ತುಣುಕನ್ನು ಹಾಸನ ಸೀಮೆಯ ಅರಸು ಏಳು ಶತಮಾನದ ಹಿಂದೆ ಮಾಡಿತ್ತು.

ಮೂವತ್ತೆರಡು ವರ್ಷ ಕಳೆಯುವಷ್ಟರಲ್ಲಿ ದೆಹಲಿಯೇ ದೋರಸಮುದ್ರದ ಬಾಗಿಲಿಗೆ ಬಂತು. ಪಾಂಡ್ಯ ಸೋದರರ ಜಗಳದಲ್ಲಿ ಲಾಭ ಹುಡುಕಲು ತೆಂಕಣಕ್ಕೆ ಹೋಗಿದ್ದ ಮೂರನೆಯ ಬಲ್ಲಾಳ, ಅಲಾವುದ್ದೀನ್ ಖಿಲ್ಜಿಯ ದಂಡಿನ ಸುದ್ದಿ ಕೇಳಿ ಓಡಿ ಬಂದ. 1311ರ ಫೆಬ್ರವರಿ ಕೊನೆಯಲ್ಲಿ ಆ ದಂಡಿನ ನಾಯಕ ಮಲಿಕ್ ಕಾಫರ್ ಕೋಟೆಯನ್ನು ಸುತ್ತಿದ. ಆಮೇಲೆ ನಡೆದ ಮಾತುಕತೆಯನ್ನು ದೆಹಲಿಯ ಆಸ್ಥಾನಕವಿ ಅಮೀರ್ ಖುಸ್ರೋ ದಾಖಲಿಸಿದ್ದಾನೆ. ಬಲ್ಲಾಳ ಮೊದಲು ಒಬ್ಬನನ್ನು ದಂಡಿನ ಬಲ ನೋಡಿ ಬರಲು ಕಳಿಸಿದ. ಅವನು ತಂದ ವರದಿ ಎದೆ ನಡುಗಿಸುವಂತಿತ್ತು. ಬಳಿಕ ಬಾಲಕದೇವ ನಾಯಕ ಎಂಬವನು ದೂತನಾಗಿ ಹೋದ. ಮತಾಂತರ, ಇಲ್ಲವೇ ಕಪ್ಪ ತೆತ್ತು ಅಧೀನವಾಗಿರುವುದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದ ಕಾಫರ್. ಜನಿವಾರವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಪ್ಪಿಸುತ್ತೇನೆ ಎಂದು ಬಲ್ಲಾಳ ಹೇಳಿಕಳಿಸಿದನಂತೆ. ಖುಸ್ರೋ ಗೆದ್ದವರ ಕವಿ, ಸ್ಥಳದಲ್ಲಿದ್ದವನಲ್ಲ. ಅವನ ಅಲಂಕಾರಗಳನ್ನು ಕಳೆದು ಓದಬೇಕು. ಆದರೂ ಮೊದಲು ಬಲ ಅಳೆದು, ಆಮೇಲೆ ದೂತನನ್ನು ಕಳಿಸಿ, ಕೊಡಲಾಗದ ಒಂದೇ ಒಂದನ್ನು ಹೆಸರಿಟ್ಟು ಹೇಳಿದ ಕ್ರಮ ಪಳಗಿದ ಆಸ್ಥಾನದ್ದು. ಆನೆ, ಕುದುರೆ, ಭಂಡಾರ ಹೋದವು. ಸಿಂಹಾಸನ ಉಳಿಯಿತು.

ಒಪ್ಪಂದದ ಬೆನ್ನಿಗೆ ರಾಜಕುಮಾರ ವಿರೂಪಾಕ್ಷ ಬಲ್ಲಾಳ ದೆಹಲಿಗೆ ಹೋದ. ನೇರ ಗೆರೆ ಎಳೆದರೂ 1700 ಕಿಲೋಮೀಟರ್. ಅವನನ್ನು ಅತಿಥಿ ಎನ್ನಬೇಕೋ ಒತ್ತೆಯಾಳು ಎನ್ನಬೇಕೋ ಎಂಬುದು ಯಾವ ಕಡೆಯಿಂದ ನೋಡುತ್ತೇವೆ ಎಂಬುದರ ಮೇಲಿದೆ. 1313ರ ಮೇ ತಿಂಗಳಲ್ಲಿ ಅವನು ಮರಳಿದ್ದನ್ನು ಶಿವಮೊಗ್ಗ ಸೀಮೆಯ ಶಾಸನವೊಂದು ಹೇಳುತ್ತದೆ. ಸುಮಾರು ನಾಲ್ಕು ದಶಕದ ಮೇಲೆ ಬರೆದ ಇಸಾಮಿ ಎಂಬ ಕವಿ, ಬಲ್ಲಾಳನೇ ದೆಹಲಿಗೆ ಹೋಗಿ ಸುಲ್ತಾನನಿಂದ ಉಡುಗೊರೆಯ ನಿಲುವಂಗಿ, ಛತ್ರ, ಹಣ ಪಡೆದ ಎನ್ನುತ್ತಾನೆ. ಆಯಾ ಕಾಲದಲ್ಲೇ ಕೆತ್ತಿದ ಕಲ್ಲಿನ ಮಾತು ಹೆಚ್ಚು ನಂಬಿಕೆಗೆ ಅರ್ಹ.

ಬಲ್ಲಾಳನ ರಾಜತಂತ್ರಕ್ಕೆ ಕಹಿ ಪರೀಕ್ಷೆ 1327ರಲ್ಲಿ ಬಂತು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಕಂಪಿಲಿಯಲ್ಲಿ ಆಶ್ರಯ ಪಡೆದಿದ್ದ. ಕಂಪಿಲಿಯ ದೊರೆ ಅವನನ್ನು ದೋರಸಮುದ್ರಕ್ಕೆ ಕಳಿಸಿ, ತಾನು ಕಾದಿ ಮಡಿದ. ಬಲ್ಲಾಳ ಮಾತ್ರ ಶರಣು ಬಂದವನನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿದ. ಕಂಪಿಲಿಯ ಕತೆ ಹಾಡಾಗಿ ಉಳಿದದ್ದು, ಬಲ್ಲಾಳನದು ಉಳಿಯದಿದ್ದದ್ದು ಅರ್ಥವಾಗುವಂಥದ್ದೇ. ಅಷ್ಟು ಮಾಡಿಯೂ ಅವನು ಹಳೆಯ ರಾಜಧಾನಿಯಲ್ಲಿ ನೆಮ್ಮದಿಯಾಗಿ ಇರಲಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಅವನ ಬೀಡು ಹೆಚ್ಚಾಗಿ ತಿರುವಣ್ಣಾಮಲೆಯಲ್ಲಿತ್ತು. ದೋರಸಮುದ್ರ ಹಳೆಯ ಬೀಡಾಯಿತು, ಹಳೇಬೀಡಾಯಿತು.

ಕೊನೆಯ ಮಾತುಕತೆ ನಡೆದದ್ದು ಕಣ್ಣನೂರಿನಲ್ಲಿ, ಸೋಮೇಶ್ವರ ಕಟ್ಟಿದ ಅದೇ ನೆಲೆಯಲ್ಲಿ. 1342ರಲ್ಲಿ ಅಲ್ಲಿ ಮಧುರೆಯ ಸುಲ್ತಾನನ ಕಾವಲು ಪಡೆ ಇತ್ತು, ಬಲ್ಲಾಳ ಅದನ್ನು ಮುತ್ತಿದ್ದ. ಒಳಗಿನವರು ಶರಣಾಗಲು ಸಿದ್ಧರಾಗಿ, ಸುಲ್ತಾನನ ಅಪ್ಪಣೆ ಕೇಳಲು ಗಡುವು ಬೇಡಿದರು. ಎಂಬತ್ತರ ಮುದುಕ ಬಲ್ಲಾಳ 14 ದಿನ ಕೊಟ್ಟ. ಅವರ ಓಲೆಯನ್ನು ಮಧುರೆಯಲ್ಲಿ ಶುಕ್ರವಾರದ ಪ್ರಾರ್ಥನೆಗೆ ಸೇರಿದ ಜನರ ಮುಂದೆ ಓದಿದರು. ಕೇಳಿದವರು ಅತ್ತರು, ಕಾಳಗಕ್ಕೆ ಹೊರಟರು. ಹೊಯ್ಸಳರ ಕುದುರೆಗಳು ಮೇಯಲು ಬಿಟ್ಟಿದ್ದ ಹೊತ್ತಿನಲ್ಲಿ ಮೇಲೆ ಬಿದ್ದರು. ಬಲ್ಲಾಳ ಸೆರೆಸಿಕ್ಕಿದ. ಅವನ ಸಂಪತ್ತನ್ನೆಲ್ಲ ಕಸಿದ ಮೇಲೆ ಕೊಂದು, ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದರು.

ಇದನ್ನು ಬರೆದವನು, ತೂಗುತ್ತಿದ್ದದ್ದನ್ನು ಕಣ್ಣಾರೆ ಕಂಡವನು, ಮೊರಾಕ್ಕೋದ ಇಬ್ನ್ ಬತೂತ. ಮಧುರೆಯ ಸುಲ್ತಾನನಿಗೆ ಅವನು ಷಡ್ಡಕ. ಅವನೂ ಒಬ್ಬ ರಾಯಭಾರಿಯೇ. ತುಘಲಕ್ ಸುಲ್ತಾನ ಚೀನಾದ ಯುವಾನ್ ಚಕ್ರವರ್ತಿಗೆಂದು ಕೊಟ್ಟ ಉಡುಗೊರೆಗಳೊಂದಿಗೆ ದೆಹಲಿಯಿಂದ ಹೊರಟಿದ್ದವನು, ಕಲ್ಲಿಕೋಟೆಯ ಬಳಿ ಹಡಗು ಒಡೆದು ಎಲ್ಲವನ್ನೂ ಕಳೆದುಕೊಂಡಿದ್ದ. ಬರಿಗೈಯಲ್ಲಿ ದೆಹಲಿಗೆ ಮರಳಲು ಹೆದರಿ, ಮಾಲ್ಡೀವ್ಸ್ ಸುತ್ತಿ ಮಧುರೆ ಸೇರಿದ್ದ.