ಅಶ್ವಶಕ್ತಿಗೆ ಲಗಾಮು

ಕುದುರೆಯನ್ನು ಪಳಗಿಸಿದ ಕಾಲದಿಂದಲೂ ಮಾನವನು ವೇಗಪ್ರಿಯನು. ಎಂಜಿನ್ನಿನ ಬಲವನ್ನು ಅಳೆಯುವ ಮಾನಕ್ಕೆ ಇಂದಿಗೂ ‘ಅಶ್ವಶಕ್ತಿ’ ಎಂಬ ಹೆಸರೇ ಉಳಿದಿದೆ. ಕುದುರೆಗೆ ಲಗಾಮು ಎಷ್ಟು ಅವಶ್ಯವೋ ಯಂತ್ರದ ಬಲಕ್ಕೆ ಮಿತಿಯೂ ಅಷ್ಟೇ ಅವಶ್ಯ. ಈ ಸತ್ಯವನ್ನು ಮೋಟಾರು ಪಂದ್ಯಗಳ ಲೋಕವು ಹಲವು ಜೀವಗಳನ್ನು ತೆತ್ತು ಕಲಿಯಬೇಕಾಯಿತು.

ಮೋಟಾರು ಪಂದ್ಯಗಳಲ್ಲಿ ರ‍್ಯಾಲಿ ಎಂಬುದು ಒಂದು ಬಗೆ. ಬೆಟ್ಟ, ಕಾಡು, ಹಳ್ಳಿಗಳ ನಡುವೆ ಹಾಯ್ದುಹೋಗುವ ಸಾಮಾನ್ಯ ರಸ್ತೆಗಳೇ ಇದರ ಕಣ. 1982ರಲ್ಲಿ ವಿಶ್ವ ರ‍್ಯಾಲಿ ಪಂದ್ಯಗಳಲ್ಲಿ ‘ಗ್ರೂಪ್ ಬಿ’ ಎಂಬ ವರ್ಗವು ಜಾರಿಗೆ ಬಂದಿತು. ಅದರ ನಿಯಮಗಳು ಸಡಿಲವಾಗಿದ್ದುದರಿಂದ, ಕೆಲವೇ ವರ್ಷಗಳಲ್ಲಿ ಸುಮಾರು ಒಂದು ಟನ್ ತೂಕದ ಕಾರುಗಳು 500 ಅಶ್ವಶಕ್ತಿಯ ಆಸುಪಾಸಿನ ಬಲವನ್ನು ಪಡೆದವು. ಪ್ರೇಕ್ಷಕರಾದರೋ ರಸ್ತೆಯ ಅಂಚಿನಲ್ಲಿಯೇ ಗುಂಪುಗೂಡಿ ನಿಲ್ಲುತ್ತಿದ್ದರು. 1986ರ ಮಾರ್ಚ್ ತಿಂಗಳಲ್ಲಿ ಪೋರ್ಚುಗಲ್ ದೇಶದಲ್ಲಿ ಕಾರೊಂದು ಹತೋಟಿ ತಪ್ಪಿ ಜನರ ನಡುವೆ ನುಗ್ಗಿತು. ಮೂವರು ಪ್ರೇಕ್ಷಕರು ಅಸುನೀಗಿದರು. ಅದೇ ವರ್ಷದ ಮೇ 2ರಂದು ಕಾರ್ಸಿಕಾ ದ್ವೀಪದಲ್ಲಿ ಫಿನ್ಲೆಂಡಿನ ಹೆನ್ರಿ ಟೊಯ್ವೊನೆನ್ ಹಾಗೂ ಅವನ ಸಹಚಾಲಕ ಸೆರ್ಜಿಯೋ ಕ್ರೆಸ್ಟೋ ಇದ್ದ ಕಾರು ತಿರುವಿನಲ್ಲಿ ರಸ್ತೆ ಬಿಟ್ಟು ಉರುಳಿ ಹೊತ್ತಿ ಉರಿಯಿತು. ಇಬ್ಬರೂ ಮೃತರಾದರು. 1987ರಿಂದ ಗ್ರೂಪ್ ಬಿ ಕಾರುಗಳಿಗೆ ವಿಶ್ವ ಪಂದ್ಯದಲ್ಲಿ ನಿಷೇಧ ಬಿದ್ದಿತು. ಬಲವನ್ನು 300 ಅಶ್ವಶಕ್ತಿಯ ಮಟ್ಟಕ್ಕೆ ತರಲಾಯಿತು.

ಬಲವು ಹೆಚ್ಚಿದರೆ ಅಪಾಯವೇಕೆ ಹೆಚ್ಚಬೇಕು? ಗಂಟೆಗೆ 180 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 50 ಮೀಟರ್ ಕ್ರಮಿಸುತ್ತದೆ. ಬ್ರೇಕ್ ಒತ್ತುವುದು ಒಂದು ಸೆಕೆಂಡು ತಡವಾದರೆ ಅಷ್ಟು ದೂರವೂ ಕೈಮೀರಿದಂತೆಯೇ. ಅಲ್ಲದೆ ವೇಗವು ಇಮ್ಮಡಿಯಾದರೆ ಚಲನಶಕ್ತಿಯು ನಾಲ್ಮಡಿಯಾಗುತ್ತದೆ. ಡಿಕ್ಕಿಯಾದಾಗ ಆ ಶಕ್ತಿಯೆಲ್ಲವೂ ಲೋಹವನ್ನೂ ದೇಹವನ್ನೂ ಜಜ್ಜುತ್ತದೆ. ಅಧಿಕ ಬಲದ ಕಾರು ಎರಡು ತಿರುವುಗಳ ನಡುವಿನ ಅಲ್ಪ ಅಂತರದಲ್ಲಿಯೇ ಇಂತಹ ವೇಗವನ್ನು ಮುಟ್ಟಬಲ್ಲದು. ಯಂತ್ರದ ಬಲ ಬೆಳೆದಂತೆಲ್ಲ ಮನುಷ್ಯನ ಕಣ್ಣು ಕೈಗಳ ಚುರುಕು ಬೆಳೆಯುವುದಿಲ್ಲ.

ಹಾಗಾದರೆ ಬಲವನ್ನು ಮಿತಿಗೊಳಿಸುವುದು ಹೇಗೆ? ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ಗಾಳಿಯನ್ನು ತಡೆದರೆ ಬಲವೂ ತಗ್ಗುತ್ತದೆ. ಆದುದರಿಂದ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಇಕ್ಕಟ್ಟಾದ ಲೋಹದ ಬಳೆಯೊಂದನ್ನು ಅಳವಡಿಸುತ್ತಾರೆ. ಆ ಕಿರಿದಾದ ಕಂಠದಲ್ಲಿ ಗಾಳಿಯು ಶಬ್ದದ ವೇಗವನ್ನು ತಲುಪಿದ ಮೇಲೆ, ಎಂಜಿನ್ನು ಎಷ್ಟೇ ಎಳೆದರೂ ಹೆಚ್ಚು ಗಾಳಿ ಒಳಹೋಗದು. 1995ರಲ್ಲಿ ವಿಶ್ವ ರ‍್ಯಾಲಿಯ ಕಾರುಗಳಲ್ಲಿ ಈ ಕಂಠದ ವ್ಯಾಸವನ್ನು 34 ಮಿಲಿಮೀಟರಿಗೆ ಇಳಿಸಲಾಯಿತು.

ಆದರೆ ಅದೇ ವರ್ಷ ಸ್ಪೇನಿನ ಕ್ಯಾಟಲೋನಿಯಾ ರ‍್ಯಾಲಿಯಲ್ಲಿ, ಟೊಯೋಟಾ ತಂಡದ ಕಾರುಗಳಲ್ಲಿ ಬಳೆಯನ್ನು ಬಳಸಿಕೊಂಡು ಗಾಳಿಯು ಒಳನುಗ್ಗುವಂತೆ ಗುಪ್ತ ಏರ್ಪಾಡು ಇದ್ದುದು ಬೆಳಕಿಗೆ ಬಂದಿತು. ಬಿಚ್ಚಿ ಪರೀಕ್ಷಿಸಿದಾಗ ಆ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು! ತಂಡವನ್ನು ಒಂದು ವರ್ಷ ಪಂದ್ಯದಿಂದ ಹೊರಗಿಡಲಾಯಿತು. ಬುದ್ಧಿಯು ನಿಯಮವನ್ನು ವಂಚಿಸಲು ಹೊರಟಾಗ ಲೋಹದ ಬಳೆಯೊಂದೇ ಯಾರನ್ನೂ ಕಾಯಲಾರದು.

ಬಲವನ್ನು ತಗ್ಗಿಸಿದ ಮಾತ್ರಕ್ಕೆ ಸುರಕ್ಷತೆ ಸಂಪೂರ್ಣವಾಗುವುದಿಲ್ಲ. ಚಾಲಕರ ಸುತ್ತ ಗಟ್ಟಿಯಾದ ಉಕ್ಕಿನ ಪಂಜರ, ಆಸನಕ್ಕೆ ಬಿಗಿಯುವ ಪಟ್ಟಿ, ಬೆಂಕಿ ತಾಳುವ ಉಡುಪು, ಪ್ರೇಕ್ಷಕರನ್ನು ದೂರವಿಡುವ ವ್ಯವಸ್ಥೆ ಇವೆಲ್ಲವೂ ಅವಶ್ಯ. ಕಾರುಗಳ ರಕ್ಷಣಾ ವ್ಯವಸ್ಥೆ ಸುಧಾರಿಸಿದ ಬಳಿಕ, 2017ರಲ್ಲಿ ಕಂಠದ ವ್ಯಾಸವನ್ನು 36 ಮಿಲಿಮೀಟರಿಗೆ ಹಿಗ್ಗಿಸಲಾಯಿತು. ಬಲವು ಸುಮಾರು 380 ಅಶ್ವಶಕ್ತಿಗೆ ಏರಿತು. ಮಿತಿಯೆಂಬುದು ಸಾಹಸಕ್ಕೆ ಹಾಕಿದ ಸಂಕೋಲೆಯಲ್ಲ. ತಿರುವಿನಾಚೆ ನಿಂತಿರುವ ಅಪರಿಚಿತನ ಪ್ರಾಣವೂ ತನ್ನ ಪ್ರಾಣದಷ್ಟೇ ಅಮೂಲ್ಯವೆಂದು ಚಾಲಕನು ಒಪ್ಪಿಕೊಳ್ಳುವ ಬಗೆ ಅದು.