ನಳಿಕೆಯ ಆಹಾರ

ಹೆಬ್ಬಾಳದ ಆಸ್ಪತ್ರೆಯಿಂದ ಮೂಗಿನ ನಳಿಕೆಯೊಡನೆ ಯಲಹಂಕದ ಮನೆಗೆ ಮರಳಿದ ತಂದೆಯ ಶುಶ್ರೂಷೆಗೆ ನಿಂತ ಮಗಳು ಮೊದಲು ಅರಿಯಬೇಕಾದುದು ಇಷ್ಟು: 1921ರಲ್ಲಿ ಆಂಗ್ಲ ವೈದ್ಯ ಜಾನ್ ರೈಲ್ ವಿವರಿಸಿದ, ಇಂದಿಗೂ ‘ರೈಲ್ಸ್ ಟ್ಯೂಬ್’ ಎನಿಸಿಕೊಳ್ಳುವ ಈ ನಳಿಕೆಯು ನಾಲಗೆಯನ್ನು ದಾಟಿ ನೇರವಾಗಿ ಜಠರಕ್ಕಿಳಿಯುವುದರಿಂದ, ಹಳಸಿದುದನ್ನು ರೋಗಿಯು ತಾನಾಗಿ ಉಗುಳಲಾರನು.

ನಳಿಕೆಯಲ್ಲಿ ಕೊಡುವ ಡಬ್ಬಿಯ ಆಹಾರಪುಡಿ ಎಷ್ಟೇ ಶುಭ್ರವಾಗಿ ತೋರಿದರೂ ಸೂಕ್ಷ್ಮಾಣುರಹಿತವಲ್ಲ. ಆದಕಾರಣ ಸೋಪಿನಿಂದ ಕೈತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ, ಡಬ್ಬಿಯೊಳಗಿನ ಚಮಚದಿಂದಲೇ ಅಳೆದು ಕಲಸತಕ್ಕದ್ದು. ಕಲಸಿದುದನ್ನು ಹೊರಗಿದ್ದರೆ 4 ಗಂಟೆ, ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ 24 ಗಂಟೆಯೊಳಗೆ ಬಳಸತಕ್ಕದ್ದು. ಮಿಕ್ಕುದನ್ನು, ಬೆಲೆಯ ನೆನಪಾಗಿ ಕೈ ತಡೆದರೂ, ಚೆಲ್ಲಲೇಬೇಕು.

ರಾಗಿ ಗಂಜಿಯ ಮೇಲೆ ನಮ್ಮವರಿಗೆ ವಿಶ್ವಾಸ ಅಪಾರ. ವೈದ್ಯರು ಒಪ್ಪಿದರೆ ಆಗಲಿ. ಆದರೆ ಆರುತ್ತ ಆರುತ್ತ ಗಟ್ಟಿಯಾಗುವ ಆ ಗಂಜಿಯನ್ನು ತೆಳುವಾಗಿಸಿ ಸೋಸದೆ ಸುರಿದರೆ ನಳಿಕೆಯು ಕಟ್ಟಿಕೊಳ್ಳುವುದು ನಿಶ್ಚಯ.

ಮೂಗಿನ ಬಳಿ ನಳಿಕೆಯ ಮೇಲಿರುವ ಗುರುತು ಜರುಗಿಲ್ಲವೆಂದು ಕಂಡುಕೊಂಡು, ತಲೆಯನ್ನು 30ರಿಂದ 45 ಡಿಗ್ರಿಯಷ್ಟು ಏರಿಸಿ, ದಂಡ ತೆಗೆದ ಸಿರಿಂಜನ್ನು ನಳಿಕೆಗೆ ಜೋಡಿಸಿ ಎತ್ತಿ ಹಿಡಿದರೆ ಆಹಾರವು ತನ್ನ ಭಾರದಿಂದಲೇ ಮೆಲ್ಲನೆ ಇಳಿಯುವುದು. ಕೆಮ್ಮು ಬಂದರೆ ಒಡನೆ ನಿಲ್ಲಿಸಿರಿ. ಕಡೆಗೆ 30 ಮಿಲಿಲೀಟರ್ ನೀರು, ಆಮೇಲೆ ಅರ್ಧ ಗಂಟೆ, “ಅಪ್ಪಾ, ಹೀಗೇ ಒರಗಿರಿ.”